ಮಳೆಗಾಲದ ಹಾವಿನ ಫೋಟೊ: ಕ್ಯಾಮೆರಾದವರು ತಿಳಿದಿರಬೇಕಾದ್ದು

ಆರಿದ್ರಾ ಮಳೆ ಹಿಡಿಯಿತೆಂದರೆ ಸಾಕು, ಮಲೆನಾಡಿನ ಗುಳಿಮಂಡಲಗಳ (ಕಣ್ಣಿಗೂ ಮೂಗಿಗೂ ನಡುವೆ ಗುಳಿಯಿರುವ ವಿಷದ ಹಾವುಗಳ) ಫೋಟೊಗಳು ಜಾಲತಾಣಗಳಲ್ಲಿ ತುಂಬಿಕೊಳ್ಳುತ್ತವೆ. ಕೊಕ್ಕೆಯ ಮೇಲೆ ನೇತಾಡುವ ಹಾವು, ಬಾಯಿ ತೆರೆದು ಹೆದರಿಸುವ ಹಾವು, ಪಾಚಿ ಬೆಳೆದ ಕಲ್ಲಿನ ಮೇಲೆ ತಂದಿಟ್ಟ ಹಾವು. ಇವಕ್ಕೆ ಲೈಕು ಬರುತ್ತದೆ, ಹಾವಿಗೆ ಏನೂ ಸಿಗುವುದಿಲ್ಲ. ಸಂರಕ್ಷಣೆಗೆ ನಿಜವಾಗಿ ಒದಗುವ ಚಿತ್ರದಲ್ಲಿ ಹಾವು ತಾನು ಇದ್ದ ಜಾಗದಲ್ಲೇ ಇರುತ್ತದೆ, ಪ್ರಭೇದ ಗುರುತಿಸಲು ಬೇಕಾದ ಅಂಗಗಳು ಸ್ಪಷ್ಟವಾಗಿ ಕಾಣುತ್ತವೆ, ಜೊತೆಗೆ ಯಾವಾಗ, ಎಲ್ಲಿ, ಯಾವ ಸ್ಥಿತಿಯಲ್ಲಿ ಕಂಡಿತು ಎಂಬ ಟಿಪ್ಪಣಿ ಇರುತ್ತದೆ. ಚೆಂದ ಆಮೇಲಿನ ಮಾತು.

ಇಂಥ ಸಾದಾ ಚಿತ್ರದ ಬೆಲೆ ಗೊತ್ತಾಗಬೇಕಾದರೆ ಹಿಮಾಚಲದ ಚಂಬಾ ಜಿಲ್ಲೆಯ ಕಥೆ ಕೇಳಬೇಕು. 2020ರ ಲಾಕ್‌ಡೌನ್ ಸಮಯದಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬರು ಮನೆಯ ಸುತ್ತಮುತ್ತ ಕಂಡ ಕುಕ್ರಿ ಹಾವಿನ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದರು. ಅದನ್ನು ಕಂಡ ಸಂಶೋಧಕರಿಗೆ ಇದು ಬೇರೆಯೇ ಇರಬಹುದು ಅನ್ನಿಸಿತು. 2021ರಲ್ಲಿ ಅದು ಒಲಿಗೊಡಾನ್ ಚುರಾಹೆನ್ಸಿಸ್ ಎಂಬ ಹೊಸ ಪ್ರಭೇದವಾಗಿ ಪ್ರಕಟವಾಯಿತು. ನಮ್ಮ ಪಶ್ಚಿಮ ಘಟ್ಟದಲ್ಲೂ ಹೀಗೆಯೇ. 2020ರವರೆಗೆ ನಾವು ಹಸಿರುಳ್ಳೆ ಎನ್ನುವ ತೆಳ್ಳನೆಯ ಹಸಿರು ಹಾವುಗಳನ್ನು ಹೆಚ್ಚುಕಡಿಮೆ ಒಂದೇ ಹೆಸರಿನಡಿ ಹಾಕಿಟ್ಟಿದ್ದೆವು. ಆ ವರ್ಷ ಅದು ಹಲವು ಪ್ರಭೇದಗಳಾಗಿ ಒಡೆಯಿತು. ಹಳೆಯ ಹೆಸರು ಶ್ರೀಲಂಕಾದ ಹಾವಿಗೆ ಮಾತ್ರ ಉಳಿಯಿತು. ಘಟ್ಟದ ಮೇಲಿನವು, ಬಯಲುಸೀಮೆಯವು ಬೇರೆ ಬೇರೆಯಾದವು. ಹತ್ತು ವರ್ಷದ ಹಿಂದಿನ ಹಸಿರುಳ್ಳೆ ಚಿತ್ರವೊಂದನ್ನು ಇವತ್ತು ಸರಿಯಾದ ಹೆಸರಿಗೆ ಸೇರಿಸಬೇಕಾದರೆ ಎರಡು ವಿಷಯ ಬೇಕು: ಮೂತಿಯ ಚೂಪು ಪಕ್ಕದಿಂದ ಕಾಣಬೇಕು, ಊರು ಗೊತ್ತಿರಬೇಕು. ಎದುರಿನಿಂದ ಕಣ್ಣಿಗೆ ಕಣ್ಣಿಟ್ಟು ತೆಗೆದ ನಾಟಕೀಯ ಚಿತ್ರ ಈ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಮೊದಲು ಯಾವ ಹಾವಿಗೆ ಯಾವ ಅಂಗ ಮುಖ್ಯ ಎಂಬುದನ್ನು ಕಲಿಯಬೇಕು. ಲೆನ್ಸಿನ ವಿಚಾರ ಆಮೇಲೆ ಬರಲಿ.

ಕಾಳಿಂಗದಿಂದ ಶುರು ಮಾಡೋಣ. ದೊಡ್ಡ ಕೇರೆ ಹಾವನ್ನು ಕಾಳಿಂಗದ ಮರಿ ಎಂದು, ಕಾಳಿಂಗವನ್ನು ಕೇರೆ ಎಂದು ಜನ ಕರೆಯುವುದು ಮಲೆನಾಡಿನಲ್ಲಿ ದಿನನಿತ್ಯದ ಗೊಂದಲ. ತಲೆಯ ಮೇಲ್ಭಾಗದ ಒಂದು ಚಿತ್ರ ಇದನ್ನು ಅಲ್ಲೇ ಬಗೆಹರಿಸುತ್ತದೆ: ಕಾಳಿಂಗದ ತಲೆಯ ಹಿಂಭಾಗದಲ್ಲಿ, ದೊಡ್ಡ ಫಲಕಗಳ ಸಾಲು ಮುಗಿದ ಕೂಡಲೇ, ಇನ್ನೊಂದು ಜೋಡಿ ದೊಡ್ಡ ಹುರುಪೆಗಳು ಒಂದಕ್ಕೊಂದು ತಾಗಿ ಕೂತಿರುತ್ತವೆ. ಕೇರೆಗೂ ನಾಗರಕ್ಕೂ ಅವು ಇಲ್ಲ. ತಲೆಯಷ್ಟೇ ಸಾಲದು, ಪೂರ್ತಿ ಮೈಯ ಚಿತ್ರವೂ ಬೇಕು. 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದು ಒಫಿಯೋಫೇಗಸ್ ಕಾಳಿಂಗ. ಇದರ ಮೈಮೇಲಿನ ತೆಳುಬಣ್ಣದ ಪಟ್ಟಿಗಳು 40ನ್ನು ಮೀರುವುದಿಲ್ಲ, ಉತ್ತರ ಭಾರತ ಮತ್ತು ಪೂರ್ವದ ಕಡೆಯದರಲ್ಲಿ ಇನ್ನೂ ಹೆಚ್ಚು. ಪಟ್ಟಿ ಎಣಿಸಬೇಕಾದರೆ ಕತ್ತಿನಿಂದ ಗುದದ್ವಾರದವರೆಗೆ ಮೈ ಕಾಣುವ ಚಿತ್ರ ಬೇಕು, ಒಂದರಲ್ಲಿ ಆಗದಿದ್ದರೆ ಒಂದರ ಮೇಲೊಂದು ಹೊಂದಿಕೊಳ್ಳುವ ಮೂರು ನಾಲ್ಕು ಚಿತ್ರಗಳಾದರೂ ಬೇಕು. ಹೆಡೆಯೊಂದನ್ನೇ ತುಂಬಿಕೊಂಡ ಫ್ರೇಮು ಇಲ್ಲಿ ಸೋಲುತ್ತದೆ.

ವಿಷದ ಕಟ್ಟುಹಾವು ಮತ್ತು ವಿಷವಿಲ್ಲದ ತೋಳಹಾವಿನ ಗೊಂದಲ ಇನ್ನೂ ಅಪಾಯದ್ದು. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ ಷಟ್ಕೋನದಂತೆ ಇರುತ್ತವೆ. ಅದರ ಬಿಳಿ ಪಟ್ಟೆ ಕತ್ತಿನ ಕಡೆ ಮಸುಕಾಗಿ, ಬಾಲದ ಕಡೆ ಹೋದಂತೆ ಗಟ್ಟಿಯಾಗುತ್ತದೆ. ತೋಳಹಾವಿನಲ್ಲಿ ಉಲ್ಟಾ, ತಲೆಯ ಹತ್ತಿರ ಎದ್ದು ಕಂಡ ಪಟ್ಟೆ ಬಾಲದ ಕಡೆ ಕರಗುತ್ತದೆ. ಹಾಗಾಗಿ ನಡುಮೈಯನ್ನು ನೇರ ಮೇಲಿನಿಂದ ತೆಗೆದ ಒಂದು ಚಿತ್ರ, ತಲೆಯಿಂದ ಬಾಲದವರೆಗಿನದು ಇನ್ನೊಂದು.

ಎಲ್ಲಕ್ಕಿಂತ ಕಡಿಮೆ ದಾಖಲಾದ ಗುಂಪು ಮಣ್ಣಿನೊಳಗೆ ಬದುಕುವ ಗುರಾಣಿಬಾಲದ ಹಾವುಗಳದು. ಇಡೀ ಜಗತ್ತಿನಲ್ಲಿ ದಕ್ಷಿಣ ಭಾರತದ ಪರ್ಯಾಯದ್ವೀಪ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಕುಟುಂಬ ಇದು. ಎರೆಹುಳ ತಿಂದುಕೊಂಡು, ಮರಿ ಹಾಕಿಕೊಂಡು, ಯಾರ ತಂಟೆಗೂ ಬಾರದೆ ಇರುತ್ತವೆ. ಮಳೆಗೆ ಮಣ್ಣು ನೆನೆದಾಗ ಮೇಲೆ ಬಂದು ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸಾಯುತ್ತವೆ, ಇಲ್ಲವೇ ಕಟ್ಟುಹಾವಿನ ಮರಿ ಎಂದು ತೋಟದಲ್ಲಿ ಗುದ್ದಲಿಯ ಏಟು ತಿನ್ನುತ್ತವೆ. ಇವುಗಳ ಹೊಳಪಿಗೆ ಮರುಳಾಗಿ ಮೈಬಣ್ಣದ ಚಿತ್ರ ಒಂದನ್ನೇ ತೆಗೆದರೆ ಪ್ರಭೇದ ಗೊತ್ತಾಗುವುದಿಲ್ಲ. ಬೇಕಾದ್ದು ಐದು ನೋಟ: ತಲೆ ಮೇಲಿನಿಂದ, ತಲೆ ಪಕ್ಕದಿಂದ, ನಡುಮೈಯ ಹುರುಪೆ ಸಾಲುಗಳು, ಸಿಕ್ಕರೆ ಹೊಟ್ಟೆಯ ಬಣ್ಣ, ಮತ್ತು ಬಾಲದ ತುದಿ. ಬಾಲದ ತುದಿಯೇ ಅತಿ ಮುಖ್ಯ. ಕೆಲವದರಲ್ಲಿ ಅದು ಕತ್ತಿಯಿಂದ ಓರೆಯಾಗಿ ಕತ್ತರಿಸಿದಂತೆ ಚಪ್ಪಟೆ, ಮುಳ್ಳುಮುಳ್ಳು, ಮಣ್ಣು ಅಂಟಿ ಟೋಪಿ ಹಾಕಿದಂತೆ ಇರುತ್ತದೆ. ಇನ್ನು ಕೆಲವದರಲ್ಲಿ ದುಂಡಗೆ ನುಣುಪಾಗಿರುತ್ತದೆ. ಮಣ್ಣು ಅಂಟಿದ್ದರೆ ಹಾಗೆಯೇ ತೆಗೆಯಿರಿ, ಒರೆಸಲು ಹೋಗಬೇಡಿ. ರಸ್ತೆಯಲ್ಲಿ ಸತ್ತದ್ದು ಸಿಕ್ಕರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಈ ಐದೂ ನೋಟ ತೆಗೆಯಬಹುದು, ಹೊಟ್ಟೆಯ ಅಡ್ಡ ಹುರುಪೆಗಳನ್ನೂ ಎಣಿಸುವಷ್ಟು ಸ್ಪಷ್ಟವಾಗಿ. ಕಳೇಬರವನ್ನು ಮಾತ್ರ ಮನೆಗೆ ತರಬಾರದು, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನನ್ನ ಮಟ್ಟಿಗೆ, ರಸ್ತೆಯಲ್ಲಿ ಸತ್ತ ಗುರಾಣಿಬಾಲದ ಹಾವಿನ ಐದು ಸ್ಪಷ್ಟ ಚಿತ್ರಗಳು ನೂರು ಹಸಿರು ಗುಳಿಮಂಡಲದ ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳವು.

ಇನ್ನು ದೂರ. ಮಂಡಲದ ಜಾತಿಯ ಹಾವು ಸಾಮಾನ್ಯವಾಗಿ ತನ್ನ ಉದ್ದದ ಮೂರನೇ ಒಂದರಿಂದ ಅರ್ಧದವರೆಗೆ ಮುನ್ನುಗ್ಗಿ ಕಚ್ಚಬಲ್ಲದು. ಮಲಬಾರ್ ಗುಳಿಮಂಡಲಕ್ಕೆ ನಾನು ಹೇಳುವ ಲೆಕ್ಕ ಒಂದೂವರೆ ಮೀಟರ್. ಕ್ಯಾಮೆರಾ ಮಾತ್ರವಲ್ಲ, ಕೈ, ಮೊಣಕಾಲು, ಟ್ರೈಪಾಡಿನ ಕಾಲು ಹಿಡಿದ ಬೆರಳು, ಎಲ್ಲವೂ ಆ ಗೆರೆಯ ಹೊರಗೆ. ಇಷ್ಟು ದೂರದಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಲೆಕ್ಕ ಹೀಗಿದೆ: ಎಪಿಎಸ್‌ಸಿ ಸೆನ್ಸರಿನ (ಫುಲ್‌ಫ್ರೇಮಿಗಿಂತ ಚಿಕ್ಕದು) ಕ್ಯಾಮೆರಾಕ್ಕೆ 100 ಮಿ.ಮೀ. ಲೆನ್ಸ್ ಹಾಕಿದರೆ ಒಂದೂವರೆ ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು 31 ಸೆಂ.ಮೀ. ಸುರುಳಿ ಸುತ್ತಿ ಕೂತ ಗುಳಿಮಂಡಲಕ್ಕೆ ಅದು ಹೇಳಿಮಾಡಿಸಿದ ಅಳತೆ. ಅದೇ 100 ಮಿ.ಮೀ. ಮ್ಯಾಕ್ರೋದಲ್ಲಿ ಒಂದಕ್ಕೊಂದು ಗಾತ್ರ, ಅಂದರೆ ಸೆನ್ಸರಿನ ಮೇಲೆ ನಿಜಗಾತ್ರದಷ್ಟೇ ಚಿತ್ರ, ಬೇಕೆಂದರೆ ಲೆನ್ಸಿನ ತುದಿ ಹಾವಿನ ಮೂತಿಯಿಂದ ಒಂದು ಗೇಣಿಗಿಂತ ಹತ್ತಿರ ಹೋಗಬೇಕು. ವಿಷದ ಹಾವಿಗೆ ಆ ಗಾತ್ರ ಬೇಡವೇ ಬೇಡ. ತಲೆಯ ಹುರುಪೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನ ಗುಳಿ ಬೇಕಿದ್ದರೆ, ಒಂದು ಮೀಟರಿನ ಆಸುಪಾಸಿನಿಂದಲೇ ಫೋಕಸ್ ಆಗುವ 100–400ರ ಥರದ ಜೂಮ್ ಲೆನ್ಸ್ ತೆಗೆದುಕೊಂಡು ಒಂದೂವರೆ ಮೀಟರಿನಲ್ಲೇ ನಿಲ್ಲಿ.

ಮೊಬೈಲಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಫೋನಿನ ಮ್ಯಾಕ್ರೋ ಮೋಡ್ ಕೆಲಸ ಮಾಡುವುದು ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ. ಕೆಲವು ಫೋನುಗಳು ಹತ್ತಿರ ಹೋದಂತೆ ತಾವಾಗಿಯೇ ಮ್ಯಾಕ್ರೋಗೆ ಬದಲಾಗಿ ಇನ್ನೂ ಹತ್ತಿರ ಬಾ ಎಂದು ಕರೆಯುತ್ತವೆ. ಅದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ, ಮೂರು ಪಟ್ಟು ಟೆಲಿ ಲೆನ್ಸ್ ಬಳಸಿ, ಆಮೇಲೆ ಕ್ರಾಪ್ ಮಾಡಿಕೊಳ್ಳಿ.

ಕಾಳಿಂಗಕ್ಕೆ ಈ ಲೆಕ್ಕವೇ ಬೇರೆ. ಮೈಯ ಮೂರನೇ ಒಂದು ಭಾಗವನ್ನು ನೆಲದಿಂದ ಎತ್ತಿ ನಿಲ್ಲುವ ಹಾವು ಅದು, ಎತ್ತಿಕೊಂಡೇ ಮುಂದೆಯೂ ಬರಬಲ್ಲದು. ಹತ್ತು ಮೀಟರಿಗೆ ಕಡಿಮೆಯಿಲ್ಲದ ದೂರ, 400 ಮಿ.ಮೀ.ಗೆ ಕಡಿಮೆಯಿಲ್ಲದ ಲೆನ್ಸ್, ಹಾವು ಹೋಗುವ ದಾರಿಗೆ ಅಡ್ಡ ನಿಲ್ಲದಿರುವುದು.

ಬೆಳಕಿನ ವಿಷಯಕ್ಕೆ ಬಂದರೆ, ಗುಳಿಮಂಡಲದ ಹಸಿರು ಸೆನ್ಸರಿಗೆ ಕಷ್ಟದ ಬಣ್ಣ. ಒದ್ದೆ ಹುರುಪೆಯ ಮೇಲೆ ಫ್ಲ್ಯಾಶ್ ನೇರ ಬಿದ್ದರೆ ಪ್ರತಿ ಹುರುಪೆಗೂ ಒಂದೊಂದು ಬಿಳಿ ಚುಕ್ಕೆ ಬಂದು ಅಂಚುಗಳೇ ಅಳಿಸಿಹೋಗುತ್ತವೆ, ಎಣಿಸಲು ಏನೂ ಉಳಿಯುವುದಿಲ್ಲ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ, ಸುಮಾರು ಅಡಿ ಅಗಲದ ಡಿಫ್ಯೂಸರ್ ಹಾಕಿ, 45 ಡಿಗ್ರಿ ಮೇಲಿನಿಂದ ಪಕ್ಕಕ್ಕೆ ಹಿಡಿಯಿರಿ. ಮ್ಯಾನುಯಲ್ ಮೋಡ್, ಎಫ್ 11, ಐಎಸ್‌ಒ 400, ಶಟರ್ 1/160, ಫ್ಲ್ಯಾಶ್ 1/4 ಶಕ್ತಿಯಿಂದ ಶುರು. ಹಿಸ್ಟೋಗ್ರಾಮಿನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಮೂರೂ ಬಣ್ಣ ಬೇರೆ ಬೇರೆ ತೋರಿಸುವಂತೆ ಇಟ್ಟುಕೊಂಡು ಹಸಿರಿನ ಗೆರೆ ಬಲತುದಿಗೆ ಗುದ್ದುತ್ತಿದೆಯೇ ನೋಡಿ. ಒಟ್ಟಾರೆ ಎಕ್ಸ್‌ಪೋಶರ್ ಸರಿ ಕಂಡರೂ ಹಸಿರು ಮಾತ್ರ ಹಾರಿಹೋಗಿರುತ್ತದೆ. ಆಗ ಫ್ಲ್ಯಾಶ್ 1/8ಕ್ಕೆ ಇಳಿಸಿ. ಜೆಪೆಗ್‌ನಲ್ಲಿ ಕಳೆದ ಹಸಿರು ಮರಳಿ ಬಾರದು, ರಾ ಫೈಲೂ ಇರಲಿ.

ಫ್ಲ್ಯಾಶಿನ ಇನ್ನೊಂದು ತೊಂದರೆ, ಹಿನ್ನೆಲೆ ಇದ್ದಿಲಿನಂತೆ ಕಪ್ಪಾಗುವುದು. ಹಾವು ಎಲ್ಲಿತ್ತು ಎಂಬುದೇ ಅಲ್ಲಿಗೆ ಅಳಿಸಿಹೋಯಿತು. ಸಂರಕ್ಷಣೆಯ ಮಾತಿಗೆ ಬೇಕಾದ್ದೇ ಆ ಹಳ್ಳ, ಆ ವಾಟೆ ಮೆಳೆ, ಆ ತರಗೆಲೆ. ಅದಕ್ಕೆ ಮುಸ್ಸಂಜೆಯ ಇಪ್ಪತ್ತು ನಿಮಿಷ ಒಳ್ಳೆಯ ಸಮಯ. ಟ್ರೈಪಾಡ್ ಮೇಲೆ ಫುಲ್‌ಫ್ರೇಮ್ ಕ್ಯಾಮೆರಾ, 35 ಮಿ.ಮೀ. ಲೆನ್ಸ್, ಅದೇ ಒಂದೂವರೆ ಮೀಟರ್ ದೂರ. ಆಗ ಒಂದೂವರೆ ಮೀಟರ್ ಅಗಲದ ಕಾಡು ಫ್ರೇಮಿಗೆ ಬರುತ್ತದೆ, ನಡುವೆ ಒಂದು ಗೇಣಿನ ಹಾವು. ಐಎಸ್‌ಒ 1600, ಶಟರ್ 1/15, ಫ್ಲ್ಯಾಶನ್ನು ಎರಡು ಸ್ಟಾಪ್ ತಗ್ಗಿಸಿ ಸುಮ್ಮನೆ ಸವರಿದ ಹಾಗೆ. ಬೇಟೆಗೆ ಹೊಂಚು ಹಾಕಿ ಕೂತ ಗುಳಿಮಂಡಲ ಅಲುಗಾಡದೆ ಇರುವುದರಿಂದ 1/15 ನಡೆಯುತ್ತದೆ, ಎಲೆ ಮಾತ್ರ ಗಾಳಿಗೆ ಅಲ್ಲಾಡಬಹುದು. ಅಲ್ಲಾಡಲಿ.

ಎಲೆಯನ್ನು ಕೀಳುವುದು, ಅಡ್ಡ ಬಂದ ಟೊಂಗೆಯನ್ನು ಮುರಿಯುವುದು ಮಾತ್ರ ಕೂಡದು. ಗುಳಿಮಂಡಲ ಒಂದೇ ಟೊಂಗೆಯಲ್ಲಿ ದಿನಗಟ್ಟಲೆ ಕೂರುತ್ತದೆ, ಕಪ್ಪೆಯೋ ಓತಿಕ್ಯಾತವೋ ಹತ್ತಿರ ಬರಲಿ ಎಂದು ಕಾಯುತ್ತದೆ. ಮರೆಗಿದ್ದ ಎಲೆ ಹೋಯಿತೆಂದರೆ ಹಗಲಲ್ಲಿ ಬಿಸಿಲೂ ಹಾವುಗಿಡುಗದ ಕಣ್ಣೂ ಅದರ ಮೇಲೆ ಬೀಳುತ್ತವೆ. ಒಂದು ಗುಳಿಮಂಡಲದ ಜಾಗ ಗೊತ್ತಾದ ಮೇಲೆ ವಾರವಿಡೀ ತಂಡ ತಂಡವಾಗಿ ಜನ ಬಂದು ಬೆಳಕು ಬಿಟ್ಟರೆ ಅದು ಜಾಗ ಖಾಲಿ ಮಾಡುತ್ತದೆ, ಬೇಟೆಯ ರಾತ್ರಿಗಳು ಹಾಳಾಗುತ್ತವೆ. ಹತ್ತು ನಿಮಿಷ, ಇಪ್ಪತ್ತು ಫ್ಲ್ಯಾಶ್, ಇಬ್ಬರು ಜನ: ಇದಕ್ಕಿಂತ ಹೆಚ್ಚು ಬೇಡ. ಫೋಕಸ್ ಮಾಡಲು ಟಾರ್ಚನ್ನು ನೇರ ಕಣ್ಣಿಗೆ ಬಿಡದೆ ಪಕ್ಕದ ಎಲೆಗೆ ಬಿಟ್ಟು ಚೆಲ್ಲಿದ ಬೆಳಕಿನಲ್ಲಿ ಕೆಲಸ ಮಾಡಿ. ಹಾವಿಗೆ ಮುಚ್ಚಲು ರೆಪ್ಪೆಯಿಲ್ಲ.

ಹಾವು ಸಾಕು ಎನ್ನುವುದನ್ನು ಮೈಯಲ್ಲೇ ಹೇಳುತ್ತದೆ. ಕತ್ತನ್ನು ಅಂಕುಡೊಂಕಾಗಿ ಹಿಂದಕ್ಕೆ ಎಳೆದುಕೊಂಡರೆ, ನಾಲಿಗೆ ಒಂದೇ ಸಮನೆ ಹೊರಬಂದು ಹೋದರೆ, ಬಾಲದ ತುದಿ ತರಗೆಲೆಯಲ್ಲಿ ಚರಚರ ಅಲುಗಿದರೆ ಹಿಂದೆ ಸರಿಯಬೇಕು. ಹಸಿರುಳ್ಳೆ ಕತ್ತು ಉಬ್ಬಿಸಿ ಹುರುಪೆಯ ನಡುವಿನ ಕಪ್ಪು-ಬಿಳಿ ಚರ್ಮ ತೋರಿಸಿ ಬಾಯಿ ತೆರೆಯುತ್ತದಲ್ಲ, ಬಹುಮಾನ ಗೆಲ್ಲುವ ಆ ಚಿತ್ರ ಹೆದರಿಕೆಯದು. ಹಸಿರುಳ್ಳೆ ಕಣ್ಣು ಕುಕ್ಕುತ್ತದೆ ಎಂದು ನಂಬಿ ಹೊಡೆಯುವ ಊರಿನಲ್ಲಿ ಅದೇ ಚಿತ್ರ ಹಂಚಿದರೆ ದೊಣ್ಣೆಗೆ ಇನ್ನೊಂದು ಕಾರಣ ಕೊಟ್ಟಂತೆ. ಹೊಟ್ಟೆ ಉಬ್ಬಿದ ಹಾವು, ಅಂದರೆ ಈಗಷ್ಟೇ ನುಂಗಿದ್ದು, ಕಂಡರೆ ದೂರದಿಂದ ಒಂದೆರಡು ಚಿತ್ರ ತೆಗೆದು ಹೊರಡಿ. ಕಾಟ ಕೊಟ್ಟರೆ ಓಡಲು ಹಗುರಾಗಬೇಕೆಂದು ಕಕ್ಕಿಬಿಡುತ್ತದೆ. ಕೇರೆಯನ್ನು ನುಂಗುತ್ತಿರುವ ಕಾಳಿಂಗಕ್ಕೂ ಇದೇ ಮಾತು.

ಕಾಳಿಂಗದ ಗೂಡಿನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಬೇಸಿಗೆಯ ಕೊನೆಗೆ ಹೆಣ್ಣು ಕಾಳಿಂಗ ತರಗೆಲೆಯನ್ನು ಮೈಯಿಂದಲೇ ಒಟ್ಟುಗೂಡಿಸಿ ಗುಡ್ಡೆ ಮಾಡಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತದೆ. ಎಲೆ ಕೊಳೆಯುವ ಬಿಸಿ ಮತ್ತು ಪದರಗಳ ನಡುವಿನ ಗಾಳಿಯೇ ಮೊಟ್ಟೆಗೆ ಕಾವು, ಮಳೆನೀರು ಒಳಗಿಳಿಯದಂತೆ ತಡೆಯುವುದೂ ಆ ಪದರಗಳೇ. ಮೊಟ್ಟೆಯ ಫೋಟೊಗೆಂದು ಮೇಲಿನ ಎಲೆ ಸರಿಸಿ ಮತ್ತೆ ಮುಚ್ಚಿದರೆ ಆ ಜೋಡಣೆ ಮೊದಲಿನಂತಾಗುವುದಿಲ್ಲ. ತಾಯಿ ಗೂಡು ಬಿಟ್ಟು ಹೋಗುವ ಅಪಾಯ ಬೇರೆ. ಕಾನೂನೂ ಸ್ಪಷ್ಟವಾಗಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೆ ಸರೀಸೃಪಗಳ ಮೊಟ್ಟೆ ಅಥವಾ ಗೂಡನ್ನು ಕದಡುವುದೂ ಸೇರಿದೆ. ಹಾವನ್ನು ಹಿಡಿಯುವುದೂ ಬೇಟೆಯೇ. ಫೋಟೊಗಾಗಿ ಕೊಕ್ಕೆಯಲ್ಲಿ ಎತ್ತಿ ಕಲ್ಲಿನ ಮೇಲೆ ಕೂರಿಸುವವರು ಇದನ್ನೊಮ್ಮೆ ಓದಬೇಕು. ಸೋಮೇಶ್ವರದಂಥ ಅಭಯಾರಣ್ಯದೊಳಗೆ ಫೋಟೊಗ್ರಫಿಗೆ ಅನುಮತಿ ಬೇಕು. ರಾತ್ರಿ ಹೊತ್ತಿಗೆ ಅಡಿಕೆ ತೋಟ, ಕಾಫಿ ತೋಟಗಳೇ ಸೂಕ್ತ, ತೋಟದವರನ್ನು ಕೇಳಿಕೊಂಡು.

ರಾತ್ರಿ ಹೋಗುವವರಿಗೆ ನಾಲ್ಕು ಮಾತು. ಮೊಣಕಾಲುದ್ದದ ಗಂಬೂಟು ಇಂಬಳಕ್ಕಿಂತ ಹೆಚ್ಚಾಗಿ ಹಂಪ್‌ನೋಸ್ಡ್ ಗುಳಿಮಂಡಲಕ್ಕಾಗಿ. ಒಂದಡಿಯ ಆಸುಪಾಸಿನ ಈ ಹಾವು ತರಗೆಲೆಯ ಬಣ್ಣದ್ದೇ, ತರಗೆಲೆಯಲ್ಲೇ ಇರುತ್ತದೆ. ಎಲ್ಲರೂ ಟೊಂಗೆಯ ಮೇಲಿನ ಹಸಿರು ಹಾವನ್ನೇ ನೋಡುತ್ತಾ ಇದರ ಪಕ್ಕದಲ್ಲಿ ಮಂಡಿಯೂರುತ್ತಾರೆ. ಕೂರುವ ಮೊದಲು, ಟ್ರೈಪಾಡ್ ಊರುವ ಮೊದಲು, ಜೊತೆಗಾರ ಸುತ್ತಲೂ ಟಾರ್ಚ್ ಬಿಟ್ಟು ನೋಡಲಿ. ನಮ್ಮ ದೇಶದ ಆ್ಯಂಟಿವೆನಮ್ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅದನ್ನು ಮಾಡಿದ್ದಲ್ಲ. ಹಂಪ್‌ನೋಸ್ಡ್ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದು ಏರುಪೇರಾಗಬಹುದು, ಮೂತ್ರಪಿಂಡ ಕೈಕೊಡಬಹುದು. ಆದ್ದರಿಂದ ಡಯಾಲಿಸಿಸ್ ಇರುವ ಆಸ್ಪತ್ರೆ ಎಲ್ಲಿದೆ, ಘಾಟಿ ಇಳಿದು ಮಣಿಪಾಲಕ್ಕೋ, ಮೇಲಿನ ದಾರಿಯಲ್ಲಿ ಶಿವಮೊಗ್ಗಕ್ಕೋ, ಎಷ್ಟು ಹೊತ್ತು ಎಂದು ಹೊರಡುವ ಮೊದಲೇ ಗೊತ್ತಿರಲಿ. ಕಚ್ಚಿದರೆ ಉಂಗುರ, ಗಡಿಯಾರ ತೆಗೆದು, ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದಿಗೆ ಕಾಯುವುದು ಬೇಡ. ಹಾವನ್ನು ಹಿಡಿದು ತರುವುದೂ ಬೇಡ, ಕ್ಯಾಮೆರಾದಲ್ಲಿ ಹೇಗೂ ಅದರ ಚಿತ್ರ ಇದೆ.

ಟಿಪ್ಪಣಿಯನ್ನು ಅಲ್ಲೇ, ಮಳೆಗೆ ಹಾಳಾಗದಂತೆ ಪೆನ್ಸಿಲಿನಲ್ಲಿ ಬರೆಯಿರಿ: ದಿನ, ಹೊತ್ತು, ಮಳೆಯಿತ್ತೇ, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಯಾವ ಗಿಡ, ನೀರಿನಿಂದ ಎಷ್ಟು ದೂರ, ಏನು ಮಾಡುತ್ತಿತ್ತು. ಉದ್ದದ ಅಂದಾಜು ಕತ್ತಲಲ್ಲಿ ಯಾವಾಗಲೂ ಹೆಚ್ಚಾಗುತ್ತದೆ. ಅದಕ್ಕೆ ಒಂದು ಉಪಾಯ: ಹಾವು ತಾನಾಗಿ ಸರಿದು ಹೋದರೆ, ಕ್ಯಾಮೆರಾವನ್ನೂ ಜೂಮನ್ನೂ ಅಲುಗಿಸದೆ, ಅದಿದ್ದ ಜಾಗದಲ್ಲಿ ಉದ್ದ ಕೋಲಿಗೆ ಕಟ್ಟಿದ ಸ್ಕೇಲ್ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿದರೆ ಅಳತೆ ಸಿಗುತ್ತದೆ.

ಊರು ನಿಮ್ಮ ಟಿಪ್ಪಣಿಯಲ್ಲಿ ಖಚಿತವಾಗಿರಬೇಕು, ಸಾರ್ವಜನಿಕ ಪೋಸ್ಟಿನಲ್ಲಿ ಇರಬಾರದು. ಎರಡು ತಲೆ ಹಾವು ಎಂದು ಹೇಳಿ ಮಣ್ಣುಮುಕ್ಕವನ್ನು ಲಕ್ಷಗಟ್ಟಲೆಗೆ ಮಾರುವ ಜಾಲ ನಮ್ಮ ರಾಜ್ಯದಲ್ಲೂ ಇದೆ, ಅವರೂ ಫೋಟೊ ನೋಡುತ್ತಾರೆ. ಪೋಸ್ಟಿನಲ್ಲಿ ಜಿಲ್ಲೆ ಅಥವಾ 'ಮಧ್ಯ ಪಶ್ಚಿಮ ಘಟ್ಟ' ಎಂದರೆ ಸಾಕು, ಅದೂ ಕೆಲವು ವಾರ ಬಿಟ್ಟು. ಫೋನಿನ ಚಿತ್ರದೊಳಗೇ ಜಿಪಿಎಸ್ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕಳಚುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಹಿನ್ನೆಲೆಯ ಮೈಲಿಗಲ್ಲು, ಹೋಮ್‌ಸ್ಟೇ ಫಲಕ, ಸೇತುವೆಯ ಕಟ್ಟೆ ಕೂಡ ಜಾಗ ಹೇಳಿಬಿಡುತ್ತವೆ. ಜೀವಿಗಳನ್ನು ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕುವಾಗ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಒತ್ತಿದರೆ ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಕಾಣುತ್ತದೆ. ನಿಖರ ಬಿಂದುವನ್ನು ನೀವು ನಂಬುವ ಸಂಶೋಧಕರಿಗೆ ಮಾತ್ರ ಕೊಡಬಹುದು. ಐದೂ ನೋಟಗಳನ್ನು ಒಂದೇ ದಾಖಲೆಯಡಿ ಹಾಕಿ, ಬಿಡಿಬಿಡಿಯಾಗಿ ಹಾಕಿದರೆ ಒಂದೇ ಹಾವು ಐದು ಹಾವಾಗಿ ಲೆಕ್ಕಕ್ಕೆ ಬರುತ್ತದೆ. ಹಾವನ್ನು ಯಾರಾದರೂ ಎತ್ತಿದ್ದರೆ, ರಕ್ಷಿಸಿ ತಂದದ್ದಾಗಿದ್ದರೆ, ಅದನ್ನೂ ಬರೆಯಬೇಕು.

ಜಾಲತಾಣಕ್ಕಿಂತ ಹೆಚ್ಚು ಕೆಲಸ ಮಾಡುವ ಜಾಗ ಹಾಲಿನ ಡೇರಿ, ಸೊಸೈಟಿ, ಊರಿನ ಶಾಲೆ. ಹಾವನ್ನು ಹೊಡೆಯುವವರೂ ಬಿಡುವವರೂ ಅಲ್ಲಿಗೇ ಬರುತ್ತಾರೆ. ಎ3 ಕಾಗದಕ್ಕೆ 300 ಡಿಪಿಐನಲ್ಲಿ 3508 × 4961 ಪಿಕ್ಸೆಲ್ ಬೇಕು. ಪೂರ್ತಿ ಹಾಳೆಗೆ ಒಂದೇ ಚಿತ್ರ ಹಾಕುವ ಬದಲು ಜೋಡಿ ಜೋಡಿಯಾಗಿ ಹಾಕಿ: ಕಟ್ಟುಹಾವಿನ ಪಕ್ಕ ತೋಳಹಾವು, ಕಾಳಿಂಗದ ಪಕ್ಕ ಕೇರೆ, ಎರೆಹುಳದ ಪಕ್ಕ ಗುರಾಣಿಬಾಲದ ಹಾವು. ಪ್ರತಿ ಜೋಡಿಯ ಕೆಳಗೆ ನೋಡಬೇಕಾದ ಗುರುತು ಒಂದೇ ಸಾಲಿನಲ್ಲಿ, ಹತ್ತಡಿ ದೂರದಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ. ತಾಲ್ಲೂಕಿನ ವಲಯ ಅರಣ್ಯ ಕಚೇರಿಯ ನಂಬರು ಕೆಳಗಿರಲಿ. ಮಲೆನಾಡಿನ ತೇವಕ್ಕೆ ಸಾದಾ ಕಾಗದ ಒಂದು ಮಳೆಗಾಲವೂ ಬಾಳುವುದಿಲ್ಲ, ಲ್ಯಾಮಿನೇಟ್ ಮಾಡಿಸಿ ನಾಲ್ಕೂ ಅಂಚಿನಲ್ಲಿ ಒಂದು ಸೆಂ.ಮೀ. ಪ್ಲಾಸ್ಟಿಕ್ ಬಿಡಿ. ಮೊಳೆಯನ್ನು ಆ ಅಂಚಿಗೇ ಹೊಡೆಯಿರಿ, ಕಾಗದದ ಮೂಲಕ ಹೊಡೆದರೆ ತೂತಿನಿಂದ ನೀರು ಇಳಿಯುತ್ತದೆ.